ಹನ್ನೊಂದೂವರೆಗೆ ಸತ್ತ ಫೋನು

ಕಳೆದ ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ತಿಳವಳ್ಳಿ. ಹಾನಗಲ್ ತಾಲ್ಲೂಕಿನದು, ಶಾಂತೇಶ್ವರ ಗುಡಿ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ಹೋದ ದಿನವೇ ಸಂಜೆ ಗುಡುಗು, ಗಾಳಿ, ಅಡ್ಡಮಳೆ. ಎಲ್ಲೋ ಮರ ಬಿದ್ದು ತಂತಿ ಹರೀತು ಅಂದ್ರು. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಂಗಳೂರಿನವಳಾದ ನನಗೆ ಅದು ಒಂಥರಾ ಖುಷಿಯೇ. ಅಂಗಳದಲ್ಲಿ ಚಾಪೆ ಹಾಸಿ ಮಲಗಿದ್ವಿ.

ಪಕ್ಕದ ಮನೆಯ ಚಿಕ್ಕವ್ವನಿಗೆ ಮಾತ್ರ ಖುಷಿ ಇರಲಿಲ್ಲ. ಅವಳದು ಮನೆ ಮನೆ ತಿರುಗಿ ಮಾಹಿತಿ ಬರೆದುಕೊಳ್ಳೋ ಕೆಲಸ. ಮೊದಲು ರಿಜಿಸ್ಟರ್ ಇತ್ತು, ಈಗ ಫೋನು. ಯಾವ ಕೆಲಸ, ಯಾವ ಆ್ಯಪ್ ಅನ್ನೋದು ಇಲ್ಲಿ ಬೇಡ. ಅಂಥ ಕೆಲಸಗಳೂ ಅಂಥ ಆ್ಯಪ್‌ಗಳೂ ಈಗ ಹತ್ತಾರಿವೆ. ಬೆಳಿಗ್ಗೆ 8ಕ್ಕೆ ಹೊರಡುವಾಗ ಅವಳ ಫೋನಿನಲ್ಲಿ ಶೇ 71 ಚಾರ್ಜ್ ಇತ್ತು. ನನಗೆ ನೆನಪಿದೆ, ಯಾಕಂದ್ರೆ ಅವಳು ಅದನ್ನ ಎರಡು ಸಲ ಹೇಳಿದಳು. ನಾನು "ಸಾಕಾಗುತ್ತೆ ಬಿಡು ಚಿಕ್ಕವ್ವ" ಅಂದೆ.

ಹನ್ನೆರಡರ ಹೊತ್ತಿಗೆ ವಾಪಸ್ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆ ಮೇಲೆ ಕೂತು ಫೋನ್ ಪಕ್ಕಕ್ಕಿಟ್ಟಳು.

"ಹನ್ನೊಂದೂವರಿಗೇ ಸತ್ತು ಹೋತವಾ. ಶೇಕಡಾ 14 ಅಂತ ತೋರ್ಸತಿತ್ತು, ಪಟ್ಟಂತ ಆಫ್. ಇನ್ನೂ 11 ಮನಿ ಉಳದಾವು."

"ಹಾಳಿ ಮ್ಯಾಲ ಬರಕೊಂಡು ಆಮೇಲೆ ಮನೀಗೆ ಬಂದು ತುಂಬಾಕ ಬರಂಗಿಲ್ಲೇನು?"

"ಬರಕೊಂಡೇ ಇದ್ದೆ. ಆದ್ರ ಅದು ಆ ಮನಿ ಬಾಗಿಲದಾಗ ನಿಂತು ತುಂಬಿದ್ರನ ತಗೋತೈತಿ. ಇಲ್ಲಿ ಕುಂತು ತುಂಬಿದ್ರ ಜಾಗಾ ತಪ್ಪೈತಿ ಅಂತ ಕೆಂಪು ತೋರಸ್ತೈತಿ."

ಕರೆಂಟ್ ಬಂದಾಗ ನಾಲ್ಕು ಗಂಟೆ. ಅರ್ಧ ತಾಸು ಚಾರ್ಜಿಗೆ ಹಾಕಿ ಮತ್ತೆ ಚಪ್ಪಲಿ ಮೆಟ್ಟಿದಳು. ಆ 11 ಮನೆಗಳಿಗೆ ಅವತ್ತು ಎರಡನೇ ಸಲ ನಡೆದಳು. ಹೋಗುವಾಗ ನಗುತ್ತಲೇ ಒಂದು ಮಾತು ಹೇಳಿದಳು. "ನಿಮ್ಮಂಥಾರು ಮಾಡಿದ್ದ ಅಲ್ಲೇನವಾ ಇದು? ನೀವು ಕುಂತು ಮಾಡೀರಿ, ನಾವು ನಡದು ಮಾಡಬೇಕು."

ಅವಳು ಬೈದಿರಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆನೇನೋ.

ಸಂಜೆ ಅವಳ ಫೋನ್ ತಗೊಂಡು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ತೆರೆದೆ. ಮೊದಲ ಸಾಲಲ್ಲೇ ಆ ಆ್ಯಪ್. ಎರಡನೇದು ಸ್ಕ್ರೀನ್. ಆ್ಯಪ್ ಹಿನ್ನೆಲೆಯಲ್ಲಿ, ಅಂದ್ರೆ ಅವಳು ಅದನ್ನ ಮುಟ್ಟದೇ ಇದ್ದಾಗಲೂ, ಬೆಳಗಿನಿಂದ ಓಡ್ತಾನೇ ಇತ್ತು. ಲೊಕೇಶನ್ ಬಳಕೆ ನೋಡಿದೆ, ಅಲ್ಲೂ ಅದೇ, ನಿರಂತರ. ಯಾರಪ್ಪಾ ಹೀಗೆ ಬರೆದವರು ಅಂತ ಬೈಕೊಳ್ಳೋಕೆ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಯಾಕಂದ್ರೆ ನಮ್ಮ ಕಂಪನಿಯ ಆ್ಯಪ್ ಕೂಡ ಇದನ್ನೇ ಮಾಡುತ್ತೆ. ಅದರ ಆ ಭಾಗ ಬರೆದವಳು ನಾನೇ.

ನಮ್ಮದು ಊರೂರು ಸುತ್ತುವ ಫೀಲ್ಡ್ ಸಿಬ್ಬಂದಿಗೆ ಮಾಡಿದ ಆ್ಯಪ್. ಪ್ರತಿ 10 ಸೆಕೆಂಡಿಗೆ ಫೋನ್ ಎಲ್ಲಿದೆ ಅಂತ ನೋಡುತ್ತೆ, ನೋಡಿದ ತಕ್ಷಣ ಸರ್ವರ್‌ಗೆ ಕಳಿಸುತ್ತೆ. ಎಂಟು ತಾಸಿಗೆ 2,880 ಸಲ. ಯಾಕೆ 10 ಸೆಕೆಂಡ್? ಆಫೀಸಿನ ದೊಡ್ಡ ಪರದೆ ಮೇಲೆ ಚುಕ್ಕಿ ಕುಪ್ಪಳಿಸದೆ ನಯವಾಗಿ ಚಲಿಸಬೇಕು ಅಂತ ಯಾರೋ ಮೀಟಿಂಗಲ್ಲಿ ಕೇಳಿದ್ರು. ನಾನು ಸರಿ ಅಂದೆ. ಬ್ಯಾಟರಿ ಬಗ್ಗೆ ಯಾರೂ ಮಾತೆತ್ತಲಿಲ್ಲ. ನಮ್ಮ ಟೆಸ್ಟ್ ಫೋನುಗಳು ಹುಟ್ಟಿದಾಗಿನಿಂದ ಕೇಬಲ್ ಬಿಟ್ಟು ಇದ್ದದ್ದೇ ಇಲ್ಲ, ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಇರ್ತವೆ. ಅವುಗಳ ಚಾರ್ಜ್ ಯಾವಾಗಲೂ 100.

ಹಾಗಾದ್ರೆ ಚಿಕ್ಕವ್ವನ ಫೋನು ಹನ್ನೊಂದೂವರೆಗೇ ಯಾಕೆ ಸತ್ತಿತು? ಅವತ್ತು ರಾತ್ರಿ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ನೀವೂ ನಿಮ್ಮ ಫೋನಿಗೆ ಹಾಕಬಹುದು, ಕಷ್ಟ ಏನಿಲ್ಲ.

ಡಬ್ಬದ ಮೇಲೆ 5,000 ಎಂಎಎಚ್ ಅಂತ ಬರೆದಿರುತ್ತೆ. ಅದನ್ನ ಬ್ಯಾಟರಿಯ ವೋಲ್ಟೇಜಿನಿಂದ, ಸುಮಾರು 3.85ರಿಂದ, ಗುಣಿಸಿದ್ರೆ 19 ವ್ಯಾಟ್-ಅವರ್. ಅಂದ್ರೆ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನ ಎರಡು ತಾಸು ಉರಿಸೋ ಅಷ್ಟು ಶಕ್ತಿ. ಅಷ್ಟೇ. ವರ್ಷವಿಡೀ ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದ್ರೂ, ಚಾರ್ಜರಿನಲ್ಲಿ ಸೋರಿಹೋಗೋದನ್ನೂ ಸೇರಿಸಿ, 10 ಯೂನಿಟ್ ದಾಟಲ್ಲ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಆ ಬಿಲ್ಲೂ ಇಲ್ಲ. ಹಾಗಾಗಿ ಫೋನಿನ ವಿದ್ಯುತ್ ಅಂದ್ರೆ ದುಡ್ಡಿನ ಪ್ರಶ್ನೆ ಅಲ್ಲ, ತಾಸಿನ ಪ್ರಶ್ನೆ.

ಚಿಕ್ಕವ್ವನ ಫೋನಿಗೆ ನಾಲ್ಕು ವರ್ಷ. ಲಿಥಿಯಂ-ಅಯಾನ್ ಬ್ಯಾಟರಿ ನಮ್ಮೂರ ಕೆರೆ ಇದ್ದ ಹಾಗೆ, ವರ್ಷ ಹೋದಂತೆ ಹೂಳು ತುಂಬುತ್ತೆ. ಹೊರಗಿನಿಂದ ಕೆರೆ ಅಷ್ಟೇ ದೊಡ್ಡದು, ಶೇ 100 ಅಂತಲೇ ತೋರಿಸುತ್ತೆ, ಆದರೆ ಒಳಗೆ ನೀರು ಹಿಡಿಯೋ ಜಾಗ ಕಮ್ಮಿ. ಮಾಮೂಲಿ ಫೋನ್ ಬ್ಯಾಟರಿ 500 ಸಲ ಪೂರ್ತಿ ತುಂಬಿ ಖಾಲಿಯಾಗೋ ಹೊತ್ತಿಗೆ ಐದರಲ್ಲೊಂದು ಭಾಗ ಕಳಕೊಂಡಿರುತ್ತೆ. ಬಿಸಿಲಲ್ಲಿ ಕಾದರೆ ಇನ್ನೂ ಬೇಗ. ಅವಳದು ನನ್ನ ಅಂದಾಜಿಗೆ 12 ವ್ಯಾಟ್-ಅವರ್ ಉಳಿದಿರಬಹುದು.

ಶೇ 14 ಇದ್ದಾಗಲೇ ಆಫ್ ಆಗಿದ್ದಕ್ಕೂ ಕೆರೆಯಲ್ಲೇ ಉತ್ತರ ಇದೆ. ಹಳೇ ಬ್ಯಾಟರಿಯ ಒಳಗಿನ ರೋಧ, ನಾವು ಇಂಜಿನಿಯರಿಂಗಲ್ಲಿ ಇಂಟರ್ನಲ್ ರೆಸಿಸ್ಟೆನ್ಸ್ ಅಂತ ಉರು ಹೊಡೆದದ್ದು, ಹೆಚ್ಚಾಗಿರುತ್ತೆ. ಅಂದ್ರೆ ತೂಬು ಕಟ್ಟಿಕೊಂಡಿದೆ. ಕೆರೇಲಿ ಇನ್ನೂ ಸ್ವಲ್ಪ ನೀರಿದೆ, ಆದರೆ ಒಮ್ಮೆಲೇ ಜೋರಾಗಿ ಬಿಡಿ ಅಂದ್ರೆ ಬರಲ್ಲ. ಕ್ಯಾಮೆರಾ, ಜಿಪಿಎಸ್, ನೆಟ್‌ವರ್ಕ್ ಮೂರೂ ಒಟ್ಟಿಗೆ ಶಕ್ತಿ ಕೇಳಿದಾಗ ವೋಲ್ಟೇಜ್ ಕುಸಿಯುತ್ತೆ, ಫೋನ್ ತನ್ನನ್ನ ತಾನೇ ಆರಿಸಿಕೊಳ್ಳುತ್ತೆ.

71ರಿಂದ 14ಕ್ಕೆ, ಅಂದ್ರೆ 12ರಲ್ಲಿ ಶೇ 57. ಹತ್ತಿರ ಹತ್ತಿರ 7 ವ್ಯಾಟ್-ಅವರ್. ಸರಾಸರಿ 2 ವ್ಯಾಟ್ ಎಳೆದ್ರೆ ಮೂರೂವರೆ ತಾಸು. 8ಕ್ಕೆ ಹೊರಟವಳ ಫೋನು ಹನ್ನೊಂದೂವರೆಗೆ ಸಾಯಲೇಬೇಕಿತ್ತು. ಅದು ಕೆಟ್ಟಿರಲಿಲ್ಲ, ಲೆಕ್ಕದ ಪ್ರಕಾರವೇ ನಡೆದಿತ್ತು.

ಆದ್ರೆ 2 ವ್ಯಾಟ್ ಯಾಕೆ ಎಳೀಬೇಕು? ಜೇಬಲ್ಲಿ ಸುಮ್ಮನೆ ಮಲಗಿರೋ ಫೋನಿಗೆ ಅದರಲ್ಲಿ ನೂರರಲ್ಲೊಂದೆರಡು ಭಾಗ ಸಾಕು. ಮೇ ಬಿಸಿಲಲ್ಲಿ ಅಕ್ಷರ ಕಾಣಬೇಕಾದ್ರೆ ಸ್ಕ್ರೀನ್ ಬೆಳಕು ಪೂರ್ತಿ ಏರಿಸಲೇಬೇಕು, ಅದು ಅವಳ ಕೈಲಿಲ್ಲ. ಇನ್ನು ಊರ ಅಂಚಿನ ಮನೆಗಳಲ್ಲಿ ಸಿಗ್ನಲ್ ಒಂದು ಕಡ್ಡಿ. ಟವರ್ ದೂರ ಆದಷ್ಟೂ ಫೋನು ದೊಡ್ಡ ದನಿಯಲ್ಲಿ ಕೂಗಬೇಕು. 4ಜಿ ಫೋನು ಗರಿಷ್ಠ 200 ಮಿಲಿವ್ಯಾಟ್ ರೇಡಿಯೋ ಶಕ್ತಿ ಹೊರಗೆ ಕಳಿಸಬಹುದು. ಅಷ್ಟನ್ನ ಕಳಿಸೋಕೆ ಬ್ಯಾಟರಿಯಿಂದ ಅದರ ಎಷ್ಟೋ ಪಟ್ಟು ಎಳೆಯುತ್ತೆ.

ನಾನು ಮಾಡಿದ ಘನಕಾರ್ಯ ಇರೋದು ಇದರ ಮುಂದೆ. ಫೋನು ಒಂದು ಚಿಕ್ಕ ಸಂದೇಶ ಕಳಿಸಿದ ಮೇಲೂ ಅದರ ರೇಡಿಯೋ ತಕ್ಷಣ ಮಲಗಲ್ಲ. "ಇನ್ನೇನಾದ್ರೂ ಬರಬಹುದು" ಅಂತ ಕೆಲ ಸೆಕೆಂಡು, 4ಜಿಯಲ್ಲಿ ಸಾಮಾನ್ಯವಾಗಿ ಹತ್ತರ ಆಸುಪಾಸು, ಎಚ್ಚರವಾಗೇ ಕಾಯುತ್ತೆ. ಬರ್ತೀನಿ ಬರ್ತೀನಿ ಅಂತ ಎದ್ದು ನಿಂತು, ಬಾಗಿಲಲ್ಲಿ ಅರ್ಧ ತಾಸು ಮಾತಾಡೋ ನೆಂಟರ ಥರ. ಈಗ ಯೋಚಿಸಿ, ನಾನು 10 ಸೆಕೆಂಡಿಗೊಮ್ಮೆ ಕಳಿಸ್ತಿದ್ದೆ. ರೇಡಿಯೋ ಮಲಗೋಕೆ ತಲೆ ಇಡೋ ಹೊತ್ತಿಗೆ ಮತ್ತೆ ಎಬ್ಬಿಸಿದ ಹಾಗಾಯ್ತು. ದಿನವಿಡೀ ಅದಕ್ಕೆ ನಿದ್ದೆಯೇ ಇಲ್ಲ. ಕಳಿಸ್ತಿದ್ದದ್ದು ಒಂದು ಸಾಲು ಅಂಕಿ, ಒಂದು ಎಸ್‌ಎಂಎಸ್‌ನಷ್ಟೂ ಇಲ್ಲ.

ಆಂಡ್ರಾಯ್ಡ್ ಮಾಡಿದವರಿಗೆ ನಮ್ಮಂಥವರ ಬುದ್ಧಿ ಗೊತ್ತು. 2015ರ ಆರನೇ ಆವೃತ್ತಿಯಲ್ಲೇ ಡೋಜ್ ಅನ್ನೋ ವ್ಯವಸ್ಥೆ ತಂದ್ರು. ಫೋನು ಸುಮ್ಮನೆ ಬಿದ್ದಿದ್ದರೆ ಆ್ಯಪ್‌ಗಳನ್ನೂ ಮಲಗಿಸಿ, ಆಗಾಗ ಒಮ್ಮೆ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ ಕೆಲಸ ಮುಗಿಸೋದು. 2017ರ ಎಂಟನೇ ಆವೃತ್ತಿಯಲ್ಲಿ ಹಿನ್ನೆಲೆ ಕೆಲಸಕ್ಕೆ ಇನ್ನೂ ಬಿಗಿ ಮಾಡಿದ್ರು. ನಾವು ಬಿಟ್ಟೆವಾ? ಸದಾ ಒಂದು ನೋಟಿಫಿಕೇಶನ್ ತೋರಿಸ್ತಾ "ನಾನು ಮುಖ್ಯವಾದ ಕೆಲಸದಲ್ಲಿದ್ದೀನಿ" ಅಂತ ಹೇಳಿ ಎಚ್ಚರವಾಗಿರೋ ದಾರಿ ಹಿಡಿದೆವು. ಜೊತೆಗೆ ನಮ್ಮ ಇನ್‌ಸ್ಟಾಲ್ ಸೂಚನೆಯ ನಾಲ್ಕನೇ ಹೆಜ್ಜೆ, 'ಬ್ಯಾಟರಿ ಆಪ್ಟಿಮೈಸೇಶನ್ ಆಫ್ ಮಾಡಿ'. ಆ ಸಾಲನ್ನ ಕನ್ನಡಕ್ಕೆ ಅನುವಾದ ಮಾಡಿದ್ದೂ ನಾನೇ.

ನಮ್ಮ ಕ್ಷೇತ್ರದಲ್ಲಿ ಯಾವಾಗಲೂ ಹೀಗೇ ಇತ್ತು ಅಂದ್ಕೋಬೇಡಿ. ಇವತ್ತು ನಮ್ಮೆಲ್ಲರ ಫೋನಿನಲ್ಲಿರೋ ಎಆರ್‌ಎಂ ಪ್ರೊಸೆಸರ್‌ಗಳ ಮೂಲ ಪುರುಷ ಹುಟ್ಟಿದ್ದು 1985ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ. ವಿನ್ಯಾಸ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರದು. ಸೆರಾಮಿಕ್ ಹೊದಿಕೆ ದುಬಾರಿ, ಅಗ್ಗದ ಪ್ಲಾಸ್ಟಿಕ್ ಹೊದಿಕೆ ಸಾಕಾಗಬೇಕು, ಅದಕ್ಕೆ ಚಿಪ್ಪು ಬಿಸಿಯಾಗಬಾರದು, ಒಂದು ವ್ಯಾಟ್ ಒಳಗೇ ಇರಬೇಕು ಅನ್ನೋದು ಅವರ ಗುರಿ. ಮೊದಲ ಚಿಪ್ಪು ಬಂದಾಗ ಎಷ್ಟು ಕರೆಂಟ್ ಎಳೆಯುತ್ತೆ ಅಂತ ಫರ್ಬರ್ ಮೀಟರ್ ಹಿಡಿದರೆ ಅದು ಸೊನ್ನೆ ತೋರಿಸ್ತಿತ್ತು. ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ! ಸುತ್ತಲಿನ ಬೇರೆ ತಂತಿಗಳ ಮೂಲಕ ಒಳಗೆ ಸೋರಿದ ಅಷ್ಟಿಷ್ಟು ಶಕ್ತಿಯಲ್ಲೇ ಅದು ಲೆಕ್ಕ ಮಾಡ್ತಾ ಕೂತಿತ್ತು. ಈ ಕಥೆ ಕಾಲೇಜಲ್ಲಿ ಯಾರಾದ್ರೂ ಹೇಳಿದ್ರೆ ಮೈಕ್ರೋಪ್ರೊಸೆಸರ್ ವಿಷಯ ಇಷ್ಟಪಟ್ಟು ಓದ್ತಿದ್ದೆ.

ಅದೇ ವಂಶದ ಒಂದು ಚಿಪ್ಪು, ಸ್ಟ್ರಾಂಗ್‌ಆರ್ಮ್, 206 ಮೆಗಾಹರ್ಟ್ಸ್‌ನದು, 2001ರಲ್ಲಿ ನಮ್ಮ ಬೆಂಗಳೂರಿನ ಒಂದು ಕೈ ಕಂಪ್ಯೂಟರಿನೊಳಗೆ ಬಂತು. ಸಿಂಪ್ಯೂಟರ್. ನಿಮ್ಮಲ್ಲಿ ಎಷ್ಟೋ ಜನ ಹೆಸರು ಕೇಳಿರಲಿಕ್ಕಿಲ್ಲ, ನಾನೂ ಕೆಲಸಕ್ಕೆ ಸೇರಿದ ಮೇಲೇ ಕೇಳಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು (ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್) ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಮಾಡಿದ್ದು. ಓದು ಬರದವರಿಗೂ ಉಪಯೋಗ ಆಗಲಿ ಅಂತ ಕನ್ನಡದಲ್ಲೇ ಓದಿ ಹೇಳುವ ತಂತ್ರಾಂಶ ಅದಕ್ಕಾಗಿ ಬರೆದ್ರು. ಒಬ್ಬೊಬ್ಬರಿಗೆ ಒಂದೊಂದು ಕೊಳ್ಳೋಕೆ ಆಗಲ್ಲ ಅಂತ ಸ್ಮಾರ್ಟ್ ಕಾರ್ಡ್ ಜಾಗ ಇಟ್ಟರು. ಊರಿಗೆ ಒಂದೇ ಯಂತ್ರ, ನಿಮ್ಮ ಕಾರ್ಡ್ ಹಾಕಿದ್ರೆ ಅದು ನಿಮ್ಮದು, ನನ್ನ ಕಾರ್ಡ್ ಹಾಕಿದ್ರೆ ನನ್ನದು.

ನನ್ನ ಮನಸ್ಸು ನಿಂತದ್ದು ಮಾತ್ರ ಅದರ ಬ್ಯಾಟರಿ ಮೇಲೆ. ಮೂರು ಎಎಎ ಸೆಲ್. ಟಿವಿ ರಿಮೋಟಿಗೆ ಹಾಕ್ತೀವಲ್ಲ, ಅಂಥವು. ರೀಚಾರ್ಜ್ ಆಗೋ ಸೆಲ್ ಹಾಕಿದ್ರೆ ಮೂರೂ ಸೇರಿ 3 ವ್ಯಾಟ್-ಅವರ್ ಹತ್ತಿರ, ನಿಮ್ಮ ಈಗಿನ ಫೋನಿನ ಆರರಲ್ಲೊಂದು ಭಾಗ. ಕರೆಂಟ್ ಇಲ್ಲದ ದಿನ ಕಿರಾಣಿ ಅಂಗಡಿಯಲ್ಲಿ ಮೂರು ಸೆಲ್ ತಗೊಂಡು ಹಾಕಿದ್ರೆ ಕೆಲಸ ಮುಂದುವರಿಯುತ್ತೆ. ಅವತ್ತು ಆ ಹನ್ನೊಂದು ಮನೆಗಳ ನಡುವೆ ನಿಂತ ಚಿಕ್ಕವ್ವನಿಗೆ ಬೇಕಾಗಿದ್ದದ್ದು ಅದೇ.

2004ರಲ್ಲಿ ಬಿಇಎಲ್ ಜೊತೆಗೂಡಿ ಪಿಕೋಪೇಟ ಕಂಪನಿಯವರು ಅಮಿಡಾ ಅನ್ನೋ ಹೆಸರಲ್ಲಿ ಅದನ್ನ ಮಾರುಕಟ್ಟೆಗೆ ತಂದ್ರು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಅಲ್ಲಲ್ಲಿ ಬಳಕೆಗೂ ಬಂತು. ಆದರೆ ಅಷ್ಟೊತ್ತಿಗೆ ಮೊಬೈಲ್ ಫೋನು ಅಗ್ಗವಾಗ್ತಾ ಬಂತು, ಸಿಂಪ್ಯೂಟರ್ ಸಾವಿರಗಳ ಲೆಕ್ಕದಲ್ಲಷ್ಟೇ ಮಾರಾಟವಾಗಿ ಮರೆಗೆ ಸರಿಯಿತು. ಸೋತ ಯೋಜನೆ ಅಂತ ಎಲ್ಲರೂ ಬರೀತಾರೆ. ಮಾರಾಟದಲ್ಲಿ ಸೋತದ್ದು ನಿಜ. ಆದರೆ ಅವರು ಮೊದಲು ಕೇಳಿಕೊಂಡ ಪ್ರಶ್ನೆ, ಇದನ್ನ ಹಿಡ್ಕೊಂಡು ನಿಲ್ಲೋರ ಹತ್ರ ಪ್ಲಗ್ ಇರುತ್ತಾ ಅನ್ನೋದು, ಇಪ್ಪತ್ತು ವರ್ಷದ ಮೇಲೆ ಹತ್ತಾರು ಪಟ್ಟು ಬಲದ ಫೋನು ಕೈಲಿದ್ದೂ ನನ್ನ ತಲೆಗೆ ಬರಲಿಲ್ಲ. ಆರು ಪಟ್ಟು ದೊಡ್ಡ ಕೆರೆ ಸಿಕ್ಕಿದೆ ಅಂತ ನಾವೆಲ್ಲ ತೂಬು ತೆಗೆದಿಟ್ಟು ಮಲಗಿಬಿಟ್ಟಿದ್ದೀವಿ.

ಬೆಂಗಳೂರಿಗೆ ಬಂದ ಸೋಮವಾರ ನಮ್ಮ ಆಫೀಸಲ್ಲಿ ನಾಲ್ಕು ವರ್ಷ ಹಳೇ ಫೋನು ಹುಡುಕಿದೆ. ಸಿಗಲಿಲ್ಲ. ಸೆಕ್ಯುರಿಟಿ ಅಣ್ಣನ ಹಳೇ ಫೋನು ಒಂದು ದಿನಕ್ಕೆ ಬೇಡಿ ತಂದು, ನಮ್ಮ ಆ್ಯಪ್ ಹಾಕಿ, ಕೇಬಲ್ ಕಿತ್ತು, ಕಿಟಕಿ ಪಕ್ಕ ಇಟ್ಟೆ. ಬೆಳಿಗ್ಗೆ 9ಕ್ಕೆ 100 ಇದ್ದದ್ದು ಮಧ್ಯಾಹ್ನ ಮೂರೂವರೆಗೆ ಸತ್ತಿತು. ಯಾರೂ ಅದನ್ನ ಮುಟ್ಟಿರಲಿಲ್ಲ. ಮ್ಯಾನೇಜರ್‌ಗೆ ತೋರಿಸಿದೆ. "ಯೂಸರ್ಸ್ ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ?" ಅಂದ್ರು. ಮಾಡಿಲ್ಲ, ನಿಜ. ಚಿಕ್ಕವ್ವ ಕೂಡ ಯಾರಿಗೂ ಕಂಪ್ಲೇಂಟ್ ಮಾಡಿಲ್ಲ. ಫೋನ್ ಸತ್ತರೆ ಅವರು ತಮ್ಮ ಫೋನನ್ನ ಬೈಕೋತಾರೆ, ಇಲ್ಲಾ ಹಣೆಬರಹವನ್ನ.

ಎರಡು ವಾರ ಸಂಜೆ ಹೊತ್ತು ಕೂತು ತಿದ್ದಿದೆ. ಈಗ ಸಿಬ್ಬಂದಿ ಫಾರ್ಮ್ ತೆರೆದಾಗ ಮಾತ್ರ ಲೊಕೇಶನ್ ನೋಡುತ್ತೆ. ನೋಡಿದ್ದನ್ನ ಫೋನಲ್ಲೇ ಇಟ್ಟುಕೊಂಡು ಕಾಲು ತಾಸಿಗೊಮ್ಮೆ ಒಟ್ಟಿಗೆ ಕಳಿಸುತ್ತೆ, ಸಿಗ್ನಲ್ ಇಲ್ಲದಿದ್ರೆ ಹಠ ಮಾಡದೆ ಕಾಯುತ್ತೆ. ಜಾಗ ಹೊಂದಾಣಿಕೆ ಆಗದಿದ್ರೆ ಕೆಂಪು ತೋರಿಸಿ ತಿರಸ್ಕರಿಸೋದರ ಬದಲು 'ಯಾಕೆ?' ಅಂತ ಕೇಳುತ್ತೆ. ಅದರಲ್ಲಿ ಒಂದು ಉತ್ತರ, 'ಫೋನ್ ಆಫ್ ಆಗಿತ್ತು'. ನಾಲ್ಕನೇ ಹೆಜ್ಜೆ ತೆಗೆದುಹಾಕಿದೆ. ಅದೇ ಹಳೇ ಫೋನು ಸಂಜೆ 7ಕ್ಕೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿಸಿಕೊಂಡಿತ್ತು. ದೊಡ್ಡ ಪರದೆ ಮೇಲಿನ ಚುಕ್ಕಿ ಈಗ ಕುಪ್ಪಳಿಸುತ್ತೆ. ಒಬ್ಬರು ಅದರ ಬಗ್ಗೆ ಎರಡು ಸಲ ಮೇಲ್ ಹಾಕಿದ್ದಾರೆ.

ಇದನ್ನ ಓದೋ ನೀವು ಆ್ಯಪ್ ಬರೆಯೋರಲ್ಲದಿದ್ರೂ ಮನೇಲಿ ಅಪ್ಪ-ಅಮ್ಮನ ಫೋನು ಇದ್ದೇ ಇರುತ್ತೆ. ಊರಿಗೆ ಹೋದಾಗ ಒಮ್ಮೆ ಬ್ಯಾಟರಿ ಬಳಕೆಯ ಪಟ್ಟಿ ತೆರೆದು ನೋಡಿ. ಬೇಡದ್ದಕ್ಕೆ ಲೊಕೇಶನ್ ಅನುಮತಿ 'ಬಳಸುವಾಗ ಮಾತ್ರ' ಅಂತ ಬದಲಿಸಿ. ಡಾರ್ಕ್ ಮೋಡ್ ಹಾಕಿದ್ರೆ ಬ್ಯಾಟರಿ ಉಳಿಯುತ್ತೆ ಅನ್ನೋದು ಓಎಲ್‌ಇಡಿ ಸ್ಕ್ರೀನಿಗೆ ಮಾತ್ರ ಸತ್ಯ. ಕಡಿಮೆ ಬೆಲೆಯ ಎಲ್‌ಸಿಡಿ ಫೋನಲ್ಲಿ ಹಿಂದಿನ ದೀಪ ಉರೀತಾನೇ ಇರುತ್ತೆ, ಪರದೆ ಕಪ್ಪಾದ್ರೂ ಖರ್ಚು ಅಷ್ಟೇ. ಆ್ಯಪ್‌ಗಳನ್ನ ಪದೇ ಪದೇ ಮೇಲಕ್ಕೆ ತಳ್ಳಿ ಮುಚ್ಚೋ ಚಟ ಬಿಡಿ, ಮತ್ತೆ ತೆರೆಯೋಕೇ ಜಾಸ್ತಿ ಖರ್ಚು. ಸಿಗ್ನಲ್ಲೇ ಇಲ್ಲದ ಕಡೆ ತಾಸುಗಟ್ಟಲೆ ಇರಬೇಕಾದ್ರೆ ಏರೋಪ್ಲೇನ್ ಮೋಡ್ ನಿಜವಾಗಿ ಉಳಿಸುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯಲ್ಲಿ ಫೋನ್ ಇಡಬೇಡಿ, ಬ್ಯಾಟರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಮೂರು-ನಾಲ್ಕು ವರ್ಷ ಆಗಿದ್ರೆ ಹೊಸ ಫೋನಿಗಿಂತ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸೋಕೆ ಎಷ್ಟಾಗುತ್ತೆ ಕೇಳಿ. ಯುರೋಪಿನಲ್ಲಿ 2025ರ ಜೂನ್‌ನಿಂದ ಮಾರಾಟಕ್ಕೆ ಬರೋ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80 ಉಳಿಸಿಕೊಳ್ಳಬೇಕು ಅಂತ ನಿಯಮ ಬಂದಿದೆ. ಆ ಒಳ್ಳೇದು ನಮಗೂ ಸ್ವಲ್ಪ ತಾಗಬಹುದು.

ಚಿಕ್ಕವ್ವನ ಆ್ಯಪ್ ತಿದ್ದೋಕೆ ನನ್ನ ಕೈಲಾಗಲ್ಲ. ಅದು ಇನ್ಯಾರದೋ ಮೇಜಿನ ಮೇಲಿದೆ. ನಾನು ಮಾಡಿದ್ದು ಇಷ್ಟೇ, ಹುಬ್ಬಳ್ಳಿಯಲ್ಲಿ ಅವಳ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದೆ, ಒಂದು 10,000 ಎಂಎಎಚ್ ಪವರ್ ಬ್ಯಾಂಕ್ ಕಳಿಸಿದೆ. (ಎರಡು ಸಲ ಚಾರ್ಜ್ ಆಗುತ್ತೆ ಅಂತ ಲೆಕ್ಕ ಹಾಕಬೇಡಿ. ವೋಲ್ಟೇಜ್ ಏರಿಸಿ ಇಳಿಸೋದರಲ್ಲಿ ಸೋರಿ, ಒಂದೂವರೆ ಸಲ ಸಿಕ್ಕರೆ ಹೆಚ್ಚು.)

ಹೋದ ಭಾನುವಾರ ಅವ್ವನಿಗೆ ಫೋನ್ ಮಾಡಿದಾಗ ಪವರ್ ಬ್ಯಾಂಕ್ ಹೆಂಗೈತಿ ಅಂತ ಕೇಳಿದೆ.

"ಅದು ಆಕಿ ಕಡೆ ಎಲ್ಲೈತಿ? ಆಕಿ ಜೊತೀಗೆ ಮತ್ತಿಬ್ರು ಇದ್ದಾರಲ್ಲ, ಪಾಳಿ ಹಾಕ್ಯಾರ. ಇಬ್ಬಿಬ್ರು ದಿನ ಒಬ್ಬಾಕಿ ಕಡೆ ಇರತೈತಿ. ಈ ವಾರ ಕೆರಿ ಆಚೆ ದಂಡಿಯಾಕೀಗೆ ಹೋಗೈತಿ. ಆ ಕಡೆ ಕರೆಂಟ್ ಭಾಳ ಹೊಕ್ಕೈತಂತ."